ಹಳೇ ಪಾಲು

ರೂಪೇಶ ಕಂಪ್ಯೂಟರಿನ ಗುಂಡಿ ಒತ್ತಿ, ದತ್ತಾನ ಹೆಣದ ಕಡೆ ಬೆನ್ನು ಮಾಡಿ ಕೂತ. ಹಾರ ಹಾಕಲು ಅವನ ಫೋಟೋ ಒಂದು ಬೇಕಾಗಿತ್ತು.

"ಅದರದ್ದೆಲ್ಲಾ ನಿಂಗೇ ಗೊತ್ತು," ಎಂದು ದತ್ತಾನ ಹೆಂಡತಿ ಕಲಾವತಿ ರೂಪೇಶನಿಗೆ ಹೇಳಿದ ಮಾತು ಬೊಮ್ಮಯ್ಯನಿಗೆ ನಾಟಿತು. ಕಾರವಾರದಿಂದ ಅಂಕೋಲೆಯ ಬಸ್ ಡಿಪೋದ ಕೆಲಸಕ್ಕೆ, ನಿವೃತ್ತಿಯವರೆಗೂ, ದತ್ತಾನ ಪಕ್ಕದ ಸೀಟಿನಲ್ಲಿ ಕೂತು ಹೋಗಿಬಂದವನು ತಾನು. ಕಂಪ್ಯೂಟರ್ ರಿಪೇರಿಯ ಈ ರೂಪೇಶ ಮೊನ್ನೆ ಮೊನ್ನೆ ಮಂಜಗುಣಿಯಿಂದ ಬಂದವನು. ಆದರೂ ಇವತ್ತು ಹಬ್ಬುವಾಡದ ಈ ಮನೆಗೆ ತನಗಿಂತ ಮೊದಲು ಬಂದು ಚಟ್ಟಕ್ಕೆ ಬಿದಿರು ತರಿಸಿದ್ದ.

ಪರದೆಯ ಮೇಲೆ ಎರಡು ಸಾಲು ಮೂಡಿ, ಯಾವುದು ಬೇಕೆಂದು ಕೇಳಿದವು.

*

ಆ ಎರಡು ಸಾಲು ಮೊದಲು ಬಂದ ದಿನ ಬೊಮ್ಮಯ್ಯನೂ ಅಲ್ಲಿದ್ದ. ಹೊಸ ವಿಂಡೋಸ್ ಈ ಮಷೀನಿಗೆ ಒಗ್ಗುವುದಿಲ್ಲ, ಹಳೆಯದರ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದನ್ನು ಹಾಕೋಣ, ಚಾಲೂ ಮಾಡುವಾಗ ಬೇಕಾದ್ದು ಆರಿಸಬಹುದು ಎಂದಿದ್ದ ರೂಪೇಶ. ಸಂಜೆ ಕಡಲದಂಡೆಗೆ ಕರೆದೊಯ್ಯಲು ಬಂದ ಬೊಮ್ಮಯ್ಯನನ್ನು ದತ್ತಾ ಕೂರಿಸಿಕೊಂಡ.

"ಒಂದೇ ಮನೇಲಿ ಎರಡು ಸಂಸಾರ ಹೂಡೂದು ನೋಡು ಮಾರಾಯಾ."

"ಹಳೇದಕ್ಕೆ ಏನಾಗಿದೆ?"

"ಏನೂ ಆಗ್ಲಿಲ್ಲ. ಅದನ್ನ ತೆಗೆಯೂದಿಲ್ಲ. ಜಾಗ ಸ್ವಲ್ಪ ಕಡಿಮೆ ಮಾಡೂದು, ಅಷ್ಟೇ."

ಡಿಸ್ಕಿನಲ್ಲಿ ಯಾವುದಕ್ಕೆ ಎಷ್ಟು ಪಾಲೆಂದು ದತ್ತಾ, ರೂಪೇಶ ಇಬ್ಬರೂ ತಲೆಗೆ ತಲೆ ತಾಗಿಸಿ ಚರ್ಚಿಸಿದರು. ಮೊದಲ ಸಲ ಚಾಲೂ ಮಾಡಿದಾಗ ಹಳೆಯದು ಕಾಣಲೇ ಇಲ್ಲ. ದತ್ತಾ ಹೆದರಿ ರೂಪೇಶನ ರಟ್ಟೆ ಹಿಡಿದುಕೊಂಡ. ಅದು ಮತ್ತೆ ಸಿಕ್ಕಾಗ ಇಬ್ಬರೂ ಮಕ್ಕಳಂತೆ ನಕ್ಕರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು.

"ದಂಡೆಗೆ ನಾಳೆ ಹೋಗುವಾ," ಎಂದ ದತ್ತಾ, ಪರದೆಯಿಂದ ಕಣ್ಣು ತೆಗೆಯದೆ.

ಮರುದಿನ ಬೊಮ್ಮಯ್ಯ ಬರಲಿಲ್ಲ. ದತ್ತಾ ಫೋನ್ ಮಾಡಿದಾಗಲೆಲ್ಲ ಮೊಣಕಾಲು ನೋವೆಂದ. ಫೋನ್ ಇಟ್ಟು, ಒಬ್ಬನೇ ದಂಡೆಗೆ ನಡೆದ.

*

"ಮಾಮಾ, ಸ್ವಲ್ಪ ಬರ್ರಿ," ರೂಪೇಶ ಕರೆದ. "ಫೋಟೋ ಎಲ್ಲಾ ಹಳೇ ಪಾಲಲ್ಲೇ ಇದ್ದಾವೆ. ಆದ್ರೆ ಯಾವುದು ತೆಗೆದ್ರೂ ನೀವು ಪಕ್ಕದಲ್ಲಿದ್ರಿ."

ಡಿಪೋದ ಪೂಜೆ, ಹಿಲ್ಲೂರಿನ ಮದುವೆ, ಕಡಲದಂಡೆ. ಕೊನೆಗೆ ಇದೇ ಮನೆಯ ಜಗಲಿಯದ್ದು: ದತ್ತಾನ ಹೆಗಲ ಮೇಲೆ ಬೊಮ್ಮಯ್ಯನ ಕೈ, ದತ್ತಾನ ಮುಖದ ತುಂಬ ನಗು. ಹಾಗೆ ನಕ್ಕ ಫೋಟೋ ಬೇರೊಂದಿರಲಿಲ್ಲ.

"ಇದು ಯಾರು ತೆಗ್ದದ್ದು?"

"ನಾನೇ."

ಹಾಗಾದರೆ ದತ್ತಾ ನಕ್ಕಿದ್ದು ಇವನನ್ನು ನೋಡಿ, ಎಂದುಕೊಂಡ ಬೊಮ್ಮಯ್ಯ.

"ನಿಮ್ಮನ್ನ ಕಟ್ ಮಾಡೂದಾ, ಮಾಮಾ?"

"ಮಾಡು."

"ಹೆಗಲ ಮೇಲೆ ಕೈ ಒಂದು ಉಳೀತದೆ. ಅಳಿಸೂಕೆ ಸ್ವಲ್ಪ ಹೊತ್ತು ಬೇಕು."

"ಕೈ ಇರ್ಲಿ ಬಿಡು. ಹೆಣ ಎತ್ತೂದು ತಡಮಾಡೂಕೆ ಆಗೂದಿಲ್ಲ," ಎಂದ ಬೊಮ್ಮಯ್ಯ ಗಡಸಾಗಿ.

ಚಟ್ಟ ಎತ್ತುವಾಗ ರೂಪೇಶ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಬೊಮ್ಮಯ್ಯನೂ ಮುಂದೆ ಬಂದ. "ನಿಮ್ಗೆ ಮೊಣಕಾಲು ನೋವಲ್ದಾ ಬಾವಾ, ಅವರು ಹೊರ್ತಾರೆ," ಎಂದು ಕಲಾವತಿಯೇ ತಡೆದಳು. ಅವನು ಸ್ಮಶಾನದವರೆಗೂ ಹಿಂದೆ ಹಿಂದೆಯೇ ನಡೆದ.

ಮರಳಿ ಬಂದಾಗ ಜಗಲಿಯಲ್ಲಿ ದೀಪ ಹಚ್ಚಿ ಫೋಟೋ ಇಟ್ಟಿದ್ದರು. ರೂಪೇಶ ತಂದ ದಪ್ಪ ಗೊಂಡೆಹೂವಿನ ಹಾರ ದತ್ತಾನ ಎರಡೂ ಹೆಗಲು ಮುಚ್ಚಿತ್ತು. ಎಲ್ಲರೂ ಸ್ನಾನಕ್ಕೆಂದು ಬಾವಿಕಟ್ಟೆಗೆ ಹೋದರು. ಬೊಮ್ಮಯ್ಯ ಒಮ್ಮೆ ಹಿಂದೆ ತಿರುಗಿ ನೋಡಿದ. ಬಗ್ಗಿ, ಫೋಟೋದಲ್ಲಿ ತನ್ನ ನಾಲ್ಕು ಬೆರಳು ಕಾಣುವಷ್ಟು ಹಾರವನ್ನು ಪಕ್ಕಕ್ಕೆ ಸರಿಸಿದ.