ಕಣದಲ್ಲಿ ಹಾಸಿದ ಉಣ್ಣೆ

ಮರಿಸಿದ್ದಯ್ಯನ ಕುರಿಹಟ್ಟಿಗೆ ಹೋಗಿ ಒಂದಿಷ್ಟು ಉಣ್ಣೆ ಕೇಳಿದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಷ್ಟ್ರಲ್ಲಿ ಕಂಬ್ಳಿ ಆಗಕಿಲ್ಲ ಕಣವ್ವ. ಏನ್ ಮಾಡೀಯೆ?"

ಮದುವೆಯಾಗಲೋ ಬೇಡವೋ ಎಂದು ದೇವರನ್ನು ಕೇಳುವುದಕ್ಕೆ ಎಂದು ಅವನಿಗೆ ಹೇಗೆ ಹೇಳಲಿ? ದಿಂಬಿಗೆ ಎಂದೆ. ದೇವರ ಕೆಲಸ ಸುಳ್ಳಿನಿಂದಲೇ ಶುರುವಾಯಿತು.

ಮದುವೆಗೆ ಕೇಳಿದ್ದವರು ಪುನೀತ್. ಮಂಡ್ಯದ ಹತ್ತಿರ ವಿ.ಸಿ. ಫಾರಂನಲ್ಲಿ ಬೇಸಾಯದ ಕೆಲಸ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ, ಒಬ್ಬಳು ಮಗಳಿದ್ದಾಳೆ. ಮಗು ಮಳವಳ್ಳಿಯಲ್ಲಿ ಅವರ ಅಕ್ಕನ ಮನೆಯಲ್ಲಿ ಬೆಳೆಯುತ್ತಿದೆ; ಭಾನುವಾರ ಅದನ್ನು ನೋಡಲು ಬಂದಾಗ ಅಲ್ಲಿನ ನಮ್ಮ ಚರ್ಚಿನ ಸಭೆಗೂ ಬರುತ್ತಾರೆ. ಸಭೆಯಲ್ಲಿ ಹೆಂಗಸರೆಲ್ಲ ಅವರಿಗೆ ಸಿಸ್ಟರ್‌ಗಳೇ. ಈಸ್ಟರ್ ದಿನ ಮಾತ್ರ ನನ್ನನ್ನು "ದೀಪಿಕ" ಎಂದು ಕರೆದು ಕೇಳಿದರು. ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದೆ.

ಎಂಟು ತಿಂಗಳಾಯಿತು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತ ಕೇಳಿದೆ, ಪೂರಿಗಾಲಿಯ ಬಸ್ಸಿನಲ್ಲಿ ನಿಂತು ಕೇಳಿದೆ, ಮೂರು ಶುಕ್ರವಾರ ಉಪವಾಸವಿದ್ದು ಕೇಳಿದೆ. ದೇವರು ಉಸಿರೆತ್ತಲಿಲ್ಲ. ಹತ್ತು ವರ್ಷದ ಹಿಂದೆ ಅವನನ್ನು ಕೇಳದೆ ಒಪ್ಪಿಕೊಂಡ ಸಂಬಂಧ ನಿಶ್ಚಿತಾರ್ಥ ಮುಗಿದ ಮೇಲೆ ಮುರಿದಿತ್ತು. ಆ ಭಯ ನನಗೆ ಹೋಗಿರಲಿಲ್ಲ. ಇತ್ತ ಪುನೀತ್ ಅವರ ಅಕ್ಕ ಆತಗೂರಿನಲ್ಲಿ ಬೇರೆ ಹೆಣ್ಣು ನೋಡಿದ್ದಳು. ಕ್ರಿಸ್ಮಸ್ ತನಕ ತಡೆಯಲು ಅಕ್ಕನಿಗೆ ಹೇಳಿದ್ದೇನೆ ಎಂದಿದ್ದರು ಅವರು. ಕ್ರಿಸ್ಮಸ್‌ಗೆ ಇನ್ನು ಐದೇ ದಿನ.

ಉಣ್ಣೆಯ ದಾರಿ ಸಿಕ್ಕಿದ್ದು ಪಾಸ್ಟರ್ ಬೈಬಲ್ ಓದಿ ಮಾಡಿದ ಪ್ರಸಂಗದಲ್ಲಿ. ಹಿಂದೆ ಒಬ್ಬ ಅಂಜುಬುರುಕ ಯುದ್ಧಕ್ಕೆ ಹೋಗಲೋ ಬೇಡವೋ ತಿಳಿಯದೆ ಕಣದಲ್ಲಿ ಉಣ್ಣೆ ಹಾಸಿದನಂತೆ. ಬೆಳಗ್ಗೆ ಉಣ್ಣೆ ಮಾತ್ರ ಇಬ್ಬನಿಯಿಂದ ತೊಯ್ದು ಸುತ್ತಲ ನೆಲ ಒಣಗಿದ್ದರೆ ದೇವರು ಹೂಂ ಎಂದ ಹಾಗೆ. ನಮ್ಮ ಹಿತ್ತಲಲ್ಲೂ ಕಣವಿತ್ತು, ಇಬ್ಬನಿಯ ಕಾಲವೂ ಹೌದು. ಸಂಜೆ ಉಣ್ಣೆ ಹಾಸಿ, ಅಮ್ಮನಿಗೆ ವಿಷಯ ಹೇಳಿ, ಕೋಳಿ ಅತ್ತ ಹೋಗದ ಹಾಗೆ ನೋಡಿಕೋ ಎಂದೆ.

ಬೆಳಗ್ಗೆ ಎದ್ದು ಓಡಿದೆ. ಉಣ್ಣೆ ತೊಯ್ದು ತೊಪ್ಪೆಯಾಗಿತ್ತು. ಸುತ್ತ ನೆಲ ಒಣಗಿತ್ತು. ಅಲ್ಲೇ ಮಂಡಿಯೂರಿ ಅತ್ತುಬಿಟ್ಟೆ. ಅವರು ನನ್ನವರು, ಅವರ ಮಗು ನನ್ನದು ಎಂದು ಎದೆ ಕುಣಿಯಿತು. ಆಮೇಲೆ ಉಣ್ಣೆ ಎತ್ತಿದೆ. ಕೆಳಗೆ ಕೆಸರು. ಇಬ್ಬನಿಗೆಲ್ಲಾದರೂ ಕೆಸರಾಗುತ್ತದೆಯೇ?

ಅಮ್ಮ ಬಾಗಿಲಲ್ಲಿ ನಿಂತು ಎಲ್ಲೋ ನೋಡುತ್ತಿದ್ದಳು.

"ನೀರು ಉಯ್ದಿದ್ದು ನೀನಾ?"

"ಒಂದೇ ಚೊಂಬು ಕಣಮ್ಮಿ."

ನನಗೆ ರೇಗಿತು. ದೇವರ ಕೆಲಸದಲ್ಲಿ ಯಾಕೆ ಕೈ ಹಾಕಿದೆ, ಇವತ್ತು ಮತ್ತೆ ಹಾಸುತ್ತೇನೆ ಎಂದು ಕೂಗಾಡಿದೆ.

"ಆಸು. ಒದ್ದೆ ಬೇಕಾ, ಒಣಾ ಬೇಕಾ ಮೊದ್ಲೇ ಯೋಳ್ಬುಡು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

"ನನ್ ಮಗ್ಳಿಗೆ ಧೈರ್ಯ ಕೊಡಪ್ಪ ಅಂತವ ನಾನೂ ಎಂಟು ತಿಂಗ್ಳಿಂದ ಅವುನ್ನ ಕೇಳ್ತಾನೆ ಇವ್ನಿ. ನಂಗೂ ಏನೂ ಯೋಳ್ನಿಲ್ಲ. ಅದ್ಕೇ ಚೊಂಬು ತಕ್ಕಂಡೆ. ನೀನು ಅವುನ್ನ ಏನಂತ ಕೇಳ್ತಿದ್ದೆ?"

"ನಿನ್ನ ಚಿತ್ತ ಏನು ಅಂತ."

"ನಿಂಗೇನ್ ಬೇಕು ಅಂತ ಯೋಳಿದ್ಯಾ?"

ಹೇಳಿರಲಿಲ್ಲ. ಆಸೆಪಟ್ಟರೆ ಎಲ್ಲಿ ಕೊಡುವುದಿಲ್ಲವೋ ಎಂದು ಅದೊಂದನ್ನು ಅವನಿಂದಲೇ ಬಚ್ಚಿಟ್ಟಿದ್ದೆ. ಅಮ್ಮ ಎದ್ದು ಒಳಗೆ ಹೋದಳು. ನಾನು ಮಂಡಿಯೂರಿಕೊಂಡೇ ಇದ್ದೆ. "ಸ್ವಾಮಿ, ನನಗೆ ಅವರು ಬೇಕು. ಭಯವೂ ಆಗುತ್ತಿದೆ. ನಾನು ಹೋಗುತ್ತೇನೆ, ನೀನು ಜೊತೆಗೆ ಬಾ" ಎಂದೆ. ಆಗಲೂ ಅವನು ಮಾತಾಡಲಿಲ್ಲ. ಮುಖ ತೊಳೆದು ಮಂಡ್ಯದ ದಾರಿ ಹಿಡಿದೆ.

ಫಾರಂನ ಭತ್ತದ ಗದ್ದೆಯಲ್ಲಿ ಪುನೀತ್ ಕುಯ್ಲಿಗೆ ಇಳಿದಿದ್ದರು. ನನ್ನನ್ನು ಕಂಡು ಬದುವಿಗೆ ಬಂದು, ಕುಡುಗೋಲು ಕೆಳಗಿಟ್ಟು ನಿಂತರು.

"ಏನಂದ ದೇವ್ರು?"

"ಏನೂ ಅನ್ನಲಿಲ್ಲ. ನನಗೆ ನೀವು ಬೇಕು ಅಂತ ನಾನೇ ಅವನಿಗೆ ಹೇಳಿ ಬಂದೆ."