ಮಲ್ಲಾರಿಯ ಪುಪ್ಪುಸ

ಉಜ್ವಲಾ ಕೊಲ್ಹಾಪುರದ ಸಂಶೋಧನಾಲಯದಲ್ಲಿ ಏನು ಕೆಲಸ ಮಾಡುತ್ತಾಳೆಂದು ಮನೆಯವರಿಗೆ ಸರಿಯಾಗಿ ತಿಳಿದಿರಲಿಲ್ಲ. ಗಡಹಿಂಗ್ಲಜದ ಹತ್ತಿರ ಕುರಿ ಸಾಕುವ ಮನೆತನ ಅದು. ಮೈಯೊಳಗೆ ಜೀವಕೋಶಗಳು ಹೇಗೆ ಹರಿದಾಡುತ್ತವೆ, ಮಾಂಸ ಎಷ್ಟು ಜಗ್ಗಿದರೆ ಹೇಗೆ ಬಿಗಿಯುತ್ತದೆ ಎಂಬುದನ್ನು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಅವ್ವ ಸಾವಿತ್ರವ್ವ ಮಾತ್ರ ಮಗಳು ಡಾಕ್ಟರ್ ಎಂದೇ ಊರಲ್ಲಿ ಹೇಳಿಕೊಂಡು ಬಂದಿದ್ದಳು.

ಅಣ್ಣ ಮಲ್ಲಾರಿ ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚು ಒಡೆದು ಮರಳು ಉದುರಿಸುವ ಕೆಲಸದಲ್ಲಿದ್ದ. ಕೆಮ್ಮು ಹತ್ತಿತು. ಟಿಬಿ ಎಂದು ಗುಳಿಗೆ ನುಂಗಿದ, ಇಳಿಯಲಿಲ್ಲ. ಉಜ್ವಲಾ ಅವನನ್ನು ಇಚಲಕರಂಜಿಯ ಎದೆರೋಗದ ಡಾಕ್ಟರರ ಬಳಿ ಕರೆದೊಯ್ದಳು. ಎದೆಯ ಸ್ಕ್ಯಾನ್ ತೆಗೆಸಿ ನೋಡಿ, ಮರಳಿನ ಧೂಳು ಪುಪ್ಪುಸದಲ್ಲಿ ಕೂತು ಗಾಯ ಮಾಡಿದೆ, ಇಂದೇ ಕೆಲಸ ಬಿಡಿ ಎಂದರು ಅವರು. ಬಿಟ್ಟರೆ ಗುಣವಾದೀತೇ ಎಂದು ಮಲ್ಲಾರಿ ಕೇಳಿದಾಗ ಅವರು ಸ್ಕ್ಯಾನನ್ನು ಲಕೋಟೆಗೆ ತುರುಕಿದರು.

ಮಲ್ಲಾರಿ ಕೆಲಸ ಬಿಟ್ಟು ಊರಿಗೆ ಹೋದ. ಉಜ್ವಲಾ ಆ ಸ್ಕ್ಯಾನನ್ನು ತನ್ನ ಲೆಕ್ಕಕ್ಕೆ ಕೊಟ್ಟಳು. ಗಾಯ ಮಾಯಿಸಲು ಬರುವ ಜೀವಕೋಶಗಳು ಗಟ್ಟಿಯಾದ ಜಾಗವನ್ನೇ ಹುಡುಕಿಕೊಂಡು ಹೋಗುತ್ತವೆ. ಹೋದಲ್ಲಿ ನಾರು ನೇಯ್ದು, ಜಗ್ಗಿ, ಇನ್ನಷ್ಟು ಗಟ್ಟಿ ಮಾಡುತ್ತವೆ. ಆ ಗಟ್ಟಿತನವೇ ಮತ್ತಷ್ಟು ಕೋಶಗಳನ್ನು ಕರೆಯುತ್ತದೆ. ಇದನ್ನು ಅವಳು ಎಷ್ಟೋ ಸಭೆಗಳಲ್ಲಿ ಬಣ್ಣದ ಚಿತ್ರ ತೋರಿಸಿ ವಿವರಿಸಿದ್ದಳು, ಚಪ್ಪಾಳೆಯೂ ಬಿದ್ದಿತ್ತು. ಈಗ ಹೊಸ ಧೂಳನ್ನು ಸೊನ್ನೆ ಮಾಡಿ ನೋಡಿದಳು. ಜಗತ್ತಿನಲ್ಲಿ ಇಲ್ಲದಷ್ಟು ಬಲದ ಔಷಧ ಕೊಟ್ಟು ನೋಡಿದಳು. ಪುಪ್ಪುಸದ ಚಿತ್ರದಲ್ಲಿ ಗಟ್ಟಿಯಾದ ಜಾಗ ತೋರಿಸುವ ಕೆಂಪು ಹರಡುವುದು ನಿಧಾನವಾಯಿತು, ನಿಲ್ಲಲಿಲ್ಲ. ತನ್ನ ಲೆಕ್ಕದಲ್ಲಿ ಎಲ್ಲಾದರೂ ತಪ್ಪು ಸಿಗಲಿ ಎಂದು ದೇವರನ್ನು ಬೇಡಿಕೊಂಡೇ ಹುಡುಕಿದಳು. ಸಿಗಲಿಲ್ಲ.

ದೀಪಾವಳಿಗೆ ಹೋದಾಗ ಮಲ್ಲಾರಿ ಕಂಬಕ್ಕೆ ಒರಗಿ ಕೂತಿದ್ದ. ಕುರಿಗಳ ಹಿಂದೆ ಗುಡ್ಡ ಏರುವುದು ಆಗಲೇ ನಿಂತಿತ್ತು.

"ನಿನ್ನ ಕಂಪ್ಯೂಟರ್ ಏನ್ ಅಂತೈತಿ?" ಎಂದ.

ಅವಳು ಅವ್ವನ ಮೊಣಕಾಲು ನೋವಿನ ಮಾತು ತೆಗೆದಳು. ಅವನು ಬಿಡಲಿಲ್ಲ.

"ಡಾಕ್ಟರ್ ಹೇಳವಲ್ರು. ನೀನರ ಹೇಳು, ಉಜ್ಜು."

"ನಿಲ್ಲಂಗಿಲ್ಲ, ಅಣ್ಣಾ. ಏನ್ ಮಾಡಿದ್ರೂ ನಿಲ್ಲಂಗಿಲ್ಲ."

ಅವನು ಉಸಿರು ಕೂಡಿಸಿಕೊಂಡ. ಆಮೇಲೆ ತನ್ನ ವಿಷಯವನ್ನೇ ಎತ್ತಲಿಲ್ಲ.

"ಗುಂಡೂಗೂ ಕೆಮ್ಮು ಹತ್ತೈತಿ. ನನ್ನ ಜೋಡಿ ಅದ ಮರಳಾಗ ಇದ್ದಾಂವ. ಅವಂಗ ಹೋಗಿ ಹೇಳು."

ಗುಂಡು ಕಾಗಲದಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಉಜ್ವಲಾ ಲ್ಯಾಪ್‌ಟಾಪ್ ತೆರೆದು ಅಣ್ಣನ ಪುಪ್ಪುಸದ ಚಿತ್ರ ತೋರಿಸಿ, ಇವತ್ತೇ ಬಿಟ್ಟರೆ ಕೆಲವು ವರ್ಷವಾದರೂ ಹೆಚ್ಚು ಸಿಕ್ಕಾವು ಎಂದಳು. ಅವನು ಗಮನವಿಟ್ಟು ಕೇಳಿದ. ಹೆಂಡತಿ ರುಪಾಲಿ ತಂದ ಚಹಾದ ಲೋಟವನ್ನು ಉಜ್ವಲಾಳ ಕಡೆ ಸರಿಸಿದ.

"ಖರೇನ ಇರಬೇಕು, ತಂಗಿ. ಮಲ್ಲಾರಿಗೆ ಮನ್ಯಾಗ ಕುರಿ ಅದಾವ, ಬಿಟ್ಟು ಹೋದ. ನಾ ಎಲ್ಲಿಗೆ ಹೋಗ್ಲಿ?"

ಉಜ್ವಲಾ ಕೊಲ್ಹಾಪುರಕ್ಕೆ ಮರಳಿ ಅವನಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಕಳಿಸಿಕೊಟ್ಟಳು. ಭಟ್ಟಿಯ ಕಾವಿನಲ್ಲಿ ಅದನ್ನು ಕಟ್ಟಿಕೊಂಡು ನಿಲ್ಲಲು ಆಗುವುದಿಲ್ಲ ಎಂದು ರುಪಾಲಿ ಫೋನಿನಲ್ಲಿ ಸಂಕೋಚದಿಂದ ತಿಳಿಸಿದಳು.

ಮಲ್ಲಾರಿ ಬೇಸಿಗೆಯಲ್ಲಿ ತೀರಿಕೊಂಡ. ಮಣ್ಣಿಗೆ ಬಂದ ಗುಂಡು ಸಂಜೆಯ ಶಿಫ್ಟ್ ಇದೆ ಎಂದು ಬೇಗ ಹೊರಟ. ಉಜ್ವಲಾ ಬಸ್ಸಿನವರೆಗೆ ಜೊತೆಗೆ ನಡೆದಳು. ಸಣ್ಣ ಏರು ಅದು. ನಡುವೆ ಅವನು ಸೊಂಟಕ್ಕೆ ಕೈಕೊಟ್ಟು ನಿಂತ. ಅವಳೂ ನಿಂತಳು. ಬಸ್ಸು ಬರುವುದು ಕಾಣಿಸಿದಾಗ ಇಬ್ಬರೂ ಮತ್ತೆ ನಡೆದರು.