ಎಡಗಾಲಿನ ಚಪ್ಪಲಿ

"ಬೀಗರ, ಇದು ನಿಮ್ಮದ ಹೌದಲ್ರಿ?"

ದೊಡವಾಡದ ಮುಸ್ತಕೀಮ ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನು ಹೊಸ್ತಿಲ ಬಳಿ ಇಟ್ಟ. ಹಜರತಸಾಬನ ಮಗಳು ಅಂಬರೀನಳನ್ನು ತನ್ನ ಮಗನಿಗೆ ತಂದುಕೊಳ್ಳುತ್ತೇನೆಂದು ಮಾತು ಕೊಟ್ಟುಹೋದ ಮನುಷ್ಯ. ಹಜರತಸಾಬ ಆಗತಾನೆ ಬೈಲಹೊಂಗಲದ ಪೇಟೆಯಲ್ಲಿ ಟೆಂಪೋ ನಿಲ್ಲಿಸಿ ಮನೆಗೆ ನಡೆದುಬಂದಿದ್ದ. ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಹಿಂದಿಂದ ಒದರಿದೆ. ನೀವು ತೂರ್ಯಾಡಕೋತ ಹೊಂಟಬಿಟ್ರಿ. ಮಂದಿ ನಗಾಕತ್ತಿದ್ರು." ಮುಸ್ತಕೀಮ ಬಾಗಿಲಲ್ಲೇ ಕುಳಿತ. "ಖರೆ ಹೇಳ್ರಿ. ಕುಡದಿದ್ರೋ, ಏನರ ಜಡ್ಡ ಐತೋ? ಜಡ್ಡಿನ ಮನಿ ಹೆಣ್ಣ ನಮ್ಮ ಆಸೀಮಗ ಬ್ಯಾಡ್ರಿ."

ಎಡಗಾಲು ಮರಗಟ್ಟಿದ್ದರೂ ಹಜರತಸಾಬನ ಮೈಮೇಲೆ ಬಣ್ಣಗೆಟ್ಟ ಒಂದು ಮಚ್ಚೆಯೂ ಇರಲಿಲ್ಲ. ಅದಕ್ಕೇ ಒಬ್ಬ ಡಾಕ್ಟರು ಸಕ್ಕರೆ ಕಾಯಿಲೆ ಎಂದು ರಕ್ತ ತೆಗೆಸಿದ್ದ. ಇನ್ನೊಬ್ಬ, ಸೊಂಟದ ನರ ಒತ್ತಿದೆ ಎಂದು ಸೂಜಿ ಚುಚ್ಚಿದ್ದ. ನಿನ್ನೆ ಸರಕಾರಿ ದವಾಖಾನೆಯ ಡಾಕ್ಟರಮ್ಮ ಮೊಣಕಾಲಿನ ಹೊರಬದಿ ತಡವಿ, ಹಗ್ಗದಂತೆ ಉಬ್ಬಿದ್ದ ನರದ ಮೇಲೆ ಬೆರಳು ನಿಲ್ಲಿಸಿದ್ದಳು. "ಕುಷ್ಠ ಇರಬೇಕ್ರಿ. ಮಚ್ಚಿ ಇಲ್ದನೂ ನರಕ್ಕ ಬರತೈತಿ. ಗುಳಿಗಿ ಪುಕ್ಕಟೆ, ಗುಣಾನೂ ಆಗತೈತಿ. ಮನಿ ಮಂದೀನೂ ಕರಕೊಂಡ ಬರ್ರಿ, ತಪಾಸ ಮಾಡೂನು."

ಗುಣವಾಗುವುದು ಕಾಲು. ಊರಿನ ಬಾಯಿಗೆ ಯಾವ ಸರಕಾರ ಗುಳಿಗೆ ಕೊಡುತ್ತದೆ?

ಹೆಗಲ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, "ಕುಡದಿದ್ದೆ" ಎಂದ ಹಜರತಸಾಬ. ಐದು ಹೊತ್ತಿನ ನಮಾಜು ತಪ್ಪಿಸದವನು. ಶೆರೆಯ ರುಚಿ ಸಿಹಿಯೋ ಕಹಿಯೋ ಎಂಬುದನ್ನೂ ಅರಿಯದವನು.

ಮುಸ್ತಕೀಮ ತೊಡೆ ತಟ್ಟಿ ನಕ್ಕ. "ಇಷ್ಟ ಹೌದಲ್ರಿ! ನನ್ನ ಜೀವಾನ ಬಾಯಿಗೆ ಬಂದಿತ್ತು. ಹರಾಮ ಅಂಬೂದು ಖರೆ, ಆದ್ರ ಬಿಟ್ರ ಬಿಡತೈತಿ. ನಮ್ಮ ತಮ್ಮ ಗಟಾರದಾಗ ಬೀಳತಿದ್ದಾಂವ, ಈಗ ಹಾಜಿ ಆಗ್ಯಾನ! ತಪ್ಪಾತಂತ ತೌಬಾ ಅನ್ರಿ."

"ತೌಬಾ."

"ಇನ್ನ ಮುಟ್ಟಂಗಿಲ್ಲ ಅನ್ರಿ."

"ಮುಟ್ಟಂಗಿಲ್ಲ."

"ಇಷ್ಟ ವರ್ಷ ಬಾಳೇವು ಮಾಡೇನಿ," ಪರದೆಯ ಹಿಂದಿನಿಂದ ಹೆಂಡತಿ ಹುಸೇನಮಾಳ ದನಿ ಬಂತು. "ಇದನ್ನ ಯಾವಾಗ ಕಲ್ತ್ರಿ?"

ಹಜರತಸಾಬ ಒಂಟಿ ಚಪ್ಪಲಿಯನ್ನು ಇನ್ನೊಂದರ ಪಕ್ಕಕ್ಕೆ ಸರಿಸಿಟ್ಟ.

ಅಂಬರೀನ ಚಹಾ ತಂದಳು. ಮಾವನಾಗುವವನಿಗೆ ಕೊಟ್ಟು, ಅಪ್ಪನ ಮುಂದೆ ಬಗ್ಗುವಾಗ ದುಪಟ್ಟಾದ ಅಂಚನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಏನನ್ನಿಸಿತೋ, ದುಪಟ್ಟಾ ಸರಿಸಿ, ಶೆರೆಯ ವಾಸನೆ ಹುಡುಕುವವಳಂತೆ ಅವನ ಮುಖದ ತೀರ ಹತ್ತಿರ ಬಂದಳು. ಹಜರತಸಾಬ ತುಟಿ ಕಚ್ಚಿ, ಮಗಳು ಆಚೆ ಸರಿಯುವತನಕ ಉಸಿರು ಬಿಡದೆ ಕುಳಿತ.